ಬಿ.ಸಿ.ಯಲ್ಲಿ ಕಾರ್ ಇನ್ಶೂರೆನ್ಸ್: ಸರ್ಕಾರದ ಬೇಸಿಕ್ ಒಂದೇ ಸಾಕಾ? ಮೇಲಿನದ್ದನ್ನು ಯಾರ ಹತ್ತಿರ ಮಾಡಿಸುವುದು?

ಹಾಸನದಿಂದ ಸರ್ರೆ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ (ಬಿ.ಸಿ.) ಬಂದು ಹತ್ತು ವಾರ ಆಯಿತು. ಹೋದ ವಾರ ರೋಡ್ ಟೆಸ್ಟ್ ಪಾಸಾಯಿತು. ಈಗ 2014ರ ಕೊರೊಲಾ ಒಂದನ್ನು ಮಾತಾಡಿ ಇಟ್ಟಿದ್ದೇನೆ. ಸಾಲ ಇಲ್ಲ, ಪೂರ್ತಿ ಕೈದುಡ್ಡು.

ನಿನ್ನೆ ಇನ್ಶೂರೆನ್ಸ್ ಬ್ರೋಕರ್ ಹತ್ತಿರ ಹೋಗಿದ್ದೆ. ಕೌಂಟರ್‌ನಲ್ಲಿದ್ದವರು ಖಾಲಿ ಹಾಳೆಯ ಮೇಲೆ ನಡುವೆ ಒಂದು ಗೆರೆ ಎಳೆದರು. ಕೆಳಗಡೆ "ಬೇಸಿಕ್, ಐಸಿಬಿಸಿ, ಕಡ್ಡಾಯ" ಅಂತ ಬರೆದರು. ಮೇಲ್ಗಡೆ "ಆಪ್ಷನಲ್, ಐಸಿಬಿಸಿ ಅಥವಾ ಬೇರೆ ಕಂಪನಿ, ನಿಮ್ಮಿಷ್ಟ" ಅಂತ ಬರೆದರು. ಹಾಳೆಯನ್ನು ನನ್ನ ಕಡೆ ತಿರುಗಿಸಿ "ಏನು ಮಾಡೋಣ?" ಅಂದರು. ಏನು ಹೇಳಬೇಕೋ ಗೊತ್ತಾಗಲಿಲ್ಲ. ಹಾಳೆ ಮಡಚಿಕೊಂಡು ಬಂದುಬಿಟ್ಟೆ.

ಊರಲ್ಲಿ ಹತ್ತು ವರ್ಷ ಕಾರ್ ಓಡಿಸಿದ್ದೇನೆ. ಅಲ್ಲಿ ಎಲ್ಲಾ ಸೇರಿ ಒಂದೇ ಪಾಲಿಸಿ, ವರ್ಷಕ್ಕೊಮ್ಮೆ ದುಡ್ಡು ಕಟ್ಟಿದರೆ ಮುಗಿಯಿತು. ಇಲ್ಲಿ ಸರ್ಕಾರ ಅರ್ಧ, ಖಾಸಗಿಯವರು ಅರ್ಧ ಅಂದರೆ ಹೇಗೆ? ಹಳೇ ಕಾರಿಗೆ ಬೇಸಿಕ್ ಒಂದೇ ಸಾಕಾಗಲ್ವಾ? ಗೊತ್ತಿರುವವರು ದಯವಿಟ್ಟು ಹೇಳಿ.

ರಾತ್ರಿಪಾಳಿ
ಸಾಕು ಅಣ್ಣ. ನಾನು ಐದು ವರ್ಷ ಬೇಸಿಕ್‌ನಲ್ಲೇ ಓಡಿಸಿದೆ. ಏನೂ ಆಗಲಿಲ್ಲ.

ಬರ್ನಬಿ ಕಾವೇರಿ
ರಾತ್ರಿಪಾಳಿಯವರೇ, ಏನೂ ಆಗದಿದ್ದಾಗ ಯಾವ ಇನ್ಶೂರೆನ್ಸ್ ಆದರೂ ಸಾಕು ಅಲ್ವಾ? ಆದಾಗ ಏನು ಅಂತ ನೋಡಬೇಕು.

ಹಾಸನದವರೇ, ನಾನು ಇಲ್ಲಿಗೆ ಬಂದು ಹದಿನಾರು ವರ್ಷ. ನಿಧಾನವಾಗಿ ಓದಿ.

ಐಸಿಬಿಸಿ ಅಂದರೆ ಇನ್ಶೂರೆನ್ಸ್ ಕಾರ್ಪೊರೇಷನ್ ಆಫ್ ಬ್ರಿಟಿಷ್ ಕೊಲಂಬಿಯಾ. ಪ್ರಾಂತ್ಯ ಸರ್ಕಾರದ್ದೇ ಸಂಸ್ಥೆ. 1973ರಲ್ಲಿ ಡೇವ್ ಬ್ಯಾರೆಟ್ ಸರ್ಕಾರ ಇದನ್ನು ಶುರು ಮಾಡಿತು. ಬೇಸಿಕ್ ಇವರ ಹತ್ತಿರ ಮಾತ್ರ ಸಿಗುತ್ತದೆ, ಬೇರೆ ಯಾರೂ ಮಾರುವ ಹಾಗಿಲ್ಲ. ಡ್ರೈವಿಂಗ್ ಲೈಸೆನ್ಸ್ ಕೊಡುವವರೂ ಇವರೇ.

ಬೇಸಿಕ್‌ನಲ್ಲಿ ಏನೇನಿದೆ ಅಂದರೆ, ಮೊದಲನೆಯದು ಮನುಷ್ಯರ ಪೆಟ್ಟು. 2021ರ ಮೇ 1ರಿಂದ "ಎನ್‌ಹಾನ್ಸ್ಡ್ ಕೇರ್" ಅಂತ ಬಂದಿದೆ. ತಪ್ಪು ಯಾರದ್ದೇ ಇರಲಿ, ನಿಮಗೆ ಪೆಟ್ಟಾದರೆ ಚಿಕಿತ್ಸೆ, ಆರೈಕೆ ಎಲ್ಲಾ ಐಸಿಬಿಸಿ ನೋಡಿಕೊಳ್ಳುತ್ತದೆ. ಶುರು ಮಾಡುವಾಗ ಕನಿಷ್ಠ 75 ಲಕ್ಷ ಡಾಲರ್‌ವರೆಗೆ ಸಿಗುತ್ತದೆ ಅಂದಿದ್ದರು. ಕೆಲಸಕ್ಕೆ ಹೋಗಲು ಆಗದಿದ್ದರೆ ಕೈಗೆ ಬರುವ ಸಂಬಳದ ಶೇ. 90ರವರೆಗೆ ಕೊಡುತ್ತಾರೆ. ಸಂಬಳದ್ದಕ್ಕೆ ಒಂದು ಮಿತಿ ಇದೆ. ಶುರುವಾದಾಗ ವರ್ಷಕ್ಕೆ 93,400 ಡಾಲರ್ ಒಟ್ಟು ಆದಾಯದ ಲೆಕ್ಕಕ್ಕೆ ನಿಲ್ಲಿಸಿದ್ದರು.

ಎರಡನೆಯದು ನಿಮ್ಮ ಕಾರು. ಇಲ್ಲೇ ಎಲ್ಲರೂ ಎಡವುವುದು. ತಪ್ಪು ನಿಮ್ಮದಲ್ಲದಿದ್ದರೆ ಮಾತ್ರ ಬೇಸಿಕ್ ನಿಮ್ಮ ಕಾರು ರಿಪೇರಿ ಮಾಡಿಸಿಕೊಡುತ್ತದೆ. ತಪ್ಪು ಅರ್ಧರ್ಧ ಅಂತ ತೀರ್ಮಾನವಾದರೆ ಅರ್ಧ ದುಡ್ಡು ಮಾತ್ರ. ಪೂರ್ತಿ ನಿಮ್ಮದೇ ಆದರೆ ಒಂದು ಸೆಂಟೂ ಇಲ್ಲ.

ಮೂರನೆಯದು ಥರ್ಡ್ ಪಾರ್ಟಿ. ನೀವು ಬೇರೆಯವರಿಗೆ ಮಾಡಿದ ನಷ್ಟಕ್ಕೆ 2 ಲಕ್ಷ ಡಾಲರ್‌ವರೆಗೆ.

ಗೆರೆಯ ಮೇಲಿನದ್ದು ಅಂದರಲ್ಲ, ಅದರಲ್ಲಿ ಮುಖ್ಯ ಮೂರು. ಕಲಿಷನ್, ಅಂದರೆ ತಪ್ಪು ನಿಮ್ಮದಾದರೂ ನಿಮ್ಮ ಕಾರಿಗೆ ದುಡ್ಡು. ಕಾಂಪ್ರಹೆನ್ಸಿವ್, ಅಂದರೆ ಕಳ್ಳತನ, ಬೆಂಕಿ, ನೀರು ನುಗ್ಗುವುದು, ಗಾಜು ಒಡೆಯುವುದು, ಜಿಂಕೆ ಅಡ್ಡ ಬರುವುದು. ಮತ್ತೆ ಥರ್ಡ್ ಪಾರ್ಟಿ ಮೊತ್ತ ಜಾಸ್ತಿ ಮಾಡಿಸುವುದು. ಈ ಮೂರನ್ನು ಐಸಿಬಿಸಿಯೂ ಮಾರುತ್ತದೆ, ಖಾಸಗಿಯವರೂ ಮಾರುತ್ತಾರೆ. ಸ್ಪರ್ಧೆ ಇರುವುದು ಇಷ್ಟಕ್ಕೆ ಮಾತ್ರ.

ಸುಮ್ನೆ ಓದುವವಳು
ಗಾಜು! ಕೋಕಿಹಾಲಾ ಹೆದ್ದಾರಿಯಲ್ಲಿ ಚಳಿಗಾಲದಲ್ಲಿ ಒಂದು ಸಲ ಹೋಗಿ ಬಂದರೆ ಸಾಕು, ಲಾರಿಯ ಹಿಂದಿನಿಂದ ಜಲ್ಲಿ ಹಾರಿ ವಿಂಡ್‌ಶೀಲ್ಡ್‌ಗೆ ಬಡಿಯುತ್ತದೆ. ನನ್ನದು ಎರಡು ವರ್ಷದಲ್ಲಿ ಎರಡು ಸಲ ಬದಲಾಯಿಸಿದೆ. ಕಾಂಪ್ರಹೆನ್ಸಿವ್ ಬಿಡಬೇಡಿ.

ತುಂಗಾತೀರ
ಕಾವೇರಿಯವರು ಚೆನ್ನಾಗಿ ಹೇಳಿದ್ದಾರೆ. ನನ್ನದು ಒಂದೇ ಮಾತು. 2 ಲಕ್ಷದ ಥರ್ಡ್ ಪಾರ್ಟಿ ಏನಕ್ಕೂ ಸಾಲದು. ಯಾರಿಗಾದರೂ ಜೋರು ಪೆಟ್ಟಾಗಿ ಕೇಸ್ ಹಾಕಿದರೆ ಮನೆ ಮಾರಬೇಕಾಗುತ್ತದೆ. ಕನಿಷ್ಠ 20 ಲಕ್ಷ ಡಾಲರ್ ಮಾಡಿಸಿ.

ಕೆಲೋನಾ ದ್ರಾಕ್ಷಿ
ತುಂಗಾತೀರ ಸರ್, ಮಾಡಿಸಬೇಕು ಅನ್ನುವುದು ಸರಿ, ನೀವು ಕೊಟ್ಟ ಕಾರಣ ಸರಿಯಿಲ್ಲ. ಅದು 2021ರ ಹಿಂದಿನ ಕಥೆ. ಈಗ ಬಿ.ಸಿ. ಒಳಗೆ ಅಪಘಾತವಾದರೆ ಪೆಟ್ಟಿಗೆ ಪರಿಹಾರ ಕೇಳಿ ಇನ್ನೊಬ್ಬ ಡ್ರೈವರ್ ಮೇಲೆ ಕೇಸ್ ಹಾಕುವ ಹಾಗೇ ಇಲ್ಲ. ಅವರವರ ಪೆಟ್ಟಿಗೆ ಅವರವರ ಬೇಸಿಕ್. ಕುಡಿದು ಓಡಿಸಿ ಕ್ರಿಮಿನಲ್ ಶಿಕ್ಷೆ ಆಗಿದ್ದರೆ, ಅಂಥ ಕೆಲವೇ ಸಂದರ್ಭದಲ್ಲಿ ಮಾತ್ರ ಕೋರ್ಟ್ ಬಾಗಿಲು ತೆರೆದಿದೆ.

ತುಂಗಾತೀರ
ಹಾಗಾದರೆ ಜಾಸ್ತಿ ಥರ್ಡ್ ಪಾರ್ಟಿ ಯಾಕೆ ಮಾರುತ್ತಾರೆ? ದುಡ್ಡು ಮಾಡೋಕಾ?

ಕೆಲೋನಾ ದ್ರಾಕ್ಷಿ
ಎರಡು ಕಾರಣ ಇದೆ ಸರ್.

ಒಂದು, ಕಾರಲ್ಲದ ಆಸ್ತಿ. ಮಂಜಿನ ಮೇಲೆ ಜಾರಿ ಯಾರದೋ ಅಂಗಡಿಯ ಗೋಡೆಗೆ ನುಗ್ಗಿದರೆ, ಗ್ಯಾಸ್ ಪೈಪ್ ಒಡೆದರೆ, ಆ ನಷ್ಟ ನಿಮ್ಮ ಥರ್ಡ್ ಪಾರ್ಟಿಯಿಂದಲೇ ಹೋಗಬೇಕು.

ಎರಡು, ಗಡಿ ದಾಟುವುದು. ಈ ಎರಡನೆಯದೇ ನಮ್ಮವರಿಗೆ ಮುಖ್ಯ. ಸರ್ರೆಯಿಂದ ಅಮೆರಿಕದ ಗಡಿ ಅರ್ಧ ಗಂಟೆ ದಾರಿ. ಉದ್ದ ವಾರಾಂತ್ಯ ಬಂದರೆ ಅರ್ಧ ಜನ ಸಿಯಾಟಲ್‌ನಲ್ಲಿ ಇರುತ್ತೇವೆ. ಅಲ್ಲಿ ನಿಮ್ಮ ತಪ್ಪಿನಿಂದ ಯಾರಿಗಾದರೂ ಪೆಟ್ಟಾದರೆ ಅಲ್ಲಿನ ಕಾನೂನು. ಅವರು ಧಾರಾಳವಾಗಿ ಕೇಸ್ ಹಾಕಬಹುದು. ಅಮೆರಿಕದ ಆಸ್ಪತ್ರೆ ಬಿಲ್ ಎಷ್ಟಾಗುತ್ತದೆ ಅಂತ ಗೊತ್ತಲ್ಲ, 2 ಲಕ್ಷ ಕೆನಡಾ ಡಾಲರ್ ಎಲ್ಲಿಗೆ ಸಾಲುತ್ತದೆ? ಪಕ್ಕದ ಆಲ್ಬರ್ಟಾದಲ್ಲೂ ಕೇಸ್ ಹಾಕಬಹುದು. ಬ್ಯಾನ್ಫ್‌ಗೆ ಹೋಗದ ಕನ್ನಡಿಗ ಯಾರಿದ್ದಾರೆ ಹೇಳಿ.

ನಿಮ್ಮ ಸ್ವಂತ ಪೆಟ್ಟಿಗೆ ಬೇಸಿಕ್‌ನ ಸೌಲಭ್ಯ ಕೆನಡಾ, ಅಮೆರಿಕ ಎರಡು ಕಡೆಯೂ ಸಿಗುತ್ತದೆ. ಆ ಚಿಂತೆ ಬೇಡ. ಚಿಂತೆ ಇರುವುದು ಬೇರೆಯವರಿಗೆ ನೀವು ಕೊಡಬೇಕಾದ ದುಡ್ಡಿನದು.

ತುಂಗಾತೀರ
ಒಪ್ಪಿದೆ. ನನಗೆ ಇದು ಗೊತ್ತಿರಲಿಲ್ಲ. ತಿದ್ದಿದ್ದಕ್ಕೆ ಧನ್ಯವಾದ.

ಧಾರವಾಡದ ಅಕ್ಕ
ನನ್ನ ಅನುಭವ ಹೇಳುತ್ತೇನೆ ತಮ್ಮ, ಕೇಳು.

ಮೂರು ವರ್ಷದ ಹಿಂದೆ ನನ್ನದೂ ಹಳೇ ಕಾರು, ಬೇಸಿಕ್ ಜೊತೆ ಥರ್ಡ್ ಪಾರ್ಟಿ ಮಾತ್ರ. ನವೆಂಬರ್ ತಿಂಗಳು, ಜಿಟಿಜಿಟಿ ಮಳೆ. ಮಾಲ್ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ತರಕಾರಿ ತರೋಕೆ ಹೋಗಿದ್ದೆ. ವಾಪಸ್ ಬಂದು ನೋಡಿದರೆ ಡ್ರೈವರ್ ಕಡೆಯ ಹಿಂಬಾಗಿಲು ಒಳಗೆ ಹೋಗಿದೆ. ನನ್ನ ಬಿಳಿ ಕಾರಿನ ಮೇಲೆ ಒಂದು ಮೊಳ ಉದ್ದ ನೀಲಿ ಬಣ್ಣ ಉಜ್ಜಿಕೊಂಡು ಹೋಗಿದೆ. ವೈಪರ್ ಕೆಳಗೆ ಚೀಟಿ ಏನಾದರೂ ಇಟ್ಟಿದ್ದಾರಾ ಅಂತ ಹುಡುಕಿದೆ. ಏನೂ ಇಲ್ಲ. ಚೀಲ ನೆಲದ ಮೇಲಿಟ್ಟು ಆ ನೀಲಿ ಬಣ್ಣವನ್ನೇ ಉಗುರಿನಿಂದ ಕೆರೆಯುತ್ತ ನಿಂತಿದ್ದೆ.

ತಪ್ಪು ನನ್ನದಲ್ಲ, ನಿಂತ ಕಾರು, ಹಾಗಾಗಿ ಬೇಸಿಕ್ ಕೊಡುತ್ತದೆ ಅಂದುಕೊಂಡೆ. ಇಲ್ಲ ಅಂದರು. ಗುದ್ದಿದವರು ಯಾರು ಅಂತ ಗೊತ್ತಿಲ್ಲದಿದ್ದರೆ ಬೇಸಿಕ್ ಬರಲ್ಲ. ಅದಕ್ಕೆ ಕಲಿಷನ್ ಇರಬೇಕು, ಇಲ್ಲವೇ "ಹಿಟ್ ಅಂಡ್ ರನ್" ಅಂತಲೇ ಬೇರೆ ಇದೆ, ಅದನ್ನಾದರೂ ಮಾಡಿಸಿರಬೇಕು. ನನ್ನ ಹತ್ತಿರ ಎರಡೂ ಇರಲಿಲ್ಲ. ಇದು ಪಾಲಿಸಿ ಕಾಗದದಲ್ಲಿ ಬರೆದಿತ್ತು. ಆದರೆ ಮಾಡಿಸುವಾಗ ಬ್ರೋಕರ್ ಒಂದು ಮಾತೂ ಹೇಳಲಿಲ್ಲ. ಅದಕ್ಕೇ ಇವತ್ತಿಗೂ ಬೇಜಾರು.

ಬಾಗಿಲು ಗುಜರಿಯಿಂದ ತರಿಸಿ ಹಾಕಿಸಿದೆವು. ಬಣ್ಣ ಸ್ವಲ್ಪ ಬೇರೆಯೇ ಇತ್ತು.

ರಾತ್ರಿಪಾಳಿ
ಅಕ್ಕ, ಹಿಟ್ ಅಂಡ್ ರನ್ ಬೇಸಿಕ್‌ನಲ್ಲೇ ಬರುತ್ತೆ ಅಂತ ನಾನು ಇಷ್ಟು ವರ್ಷ ನಂಬಿದ್ದೆ!

ಬರ್ನಬಿ ಕಾವೇರಿ
ಮೊದಲು ಬರುತ್ತಿತ್ತು. 2021ರಲ್ಲಿ ಬೇಸಿಕ್‌ನಿಂದ ತೆಗೆದರು. ಹಳಬರಿಗೆ ಇದೇ ಗೊಂದಲ.

ಬಸವನಗುಡಿ ಓದುಗ
ನಾನಿರುವುದು ಬೆಂಗಳೂರಿನಲ್ಲಿ. ಮಗಳು ವ್ಯಾಂಕೂವರ್‌ನಲ್ಲಿದ್ದಾಳೆ, ಅದಕ್ಕೆ ಈ ಚರ್ಚೆ ಓದುತ್ತಿದ್ದೇನೆ. ಹಾಸನದವರು "ಊರಲ್ಲಿ ಒಂದೇ ಪಾಲಿಸಿ" ಅಂದದ್ದಕ್ಕೆ ಒಂದು ಮಾತು.

ಒಂದೇ ಹಾಳೆ ಇರಬಹುದು, ಒಳಗೆ ಇರುವುದು ಎರಡು. ಥರ್ಡ್ ಪಾರ್ಟಿ ಕಡ್ಡಾಯ, ಅದರ ದರವನ್ನು ಕೇಂದ್ರ ಸರ್ಕಾರ ಗೊತ್ತು ಮಾಡುತ್ತದೆ. 2022ರ ಜೂನ್‌ನಲ್ಲಿ 1000ರಿಂದ 1500 ಸಿಸಿ ಕಾರಿಗೆ 3,416 ರೂಪಾಯಿ ಅಂತ ಗೊತ್ತು ಮಾಡಿದ್ದರು. ಯಾವ ಕಂಪನಿಗೆ ಹೋದರೂ ಅಷ್ಟೇ. ನಿಮ್ಮ ಕಾರಿನ ನಷ್ಟದ ಭಾಗ ಐಚ್ಛಿಕ, ಅದರ ದರ ಕಂಪನಿಯಿಂದ ಕಂಪನಿಗೆ ಬೇರೆ. 2019ರ ಸೆಪ್ಟೆಂಬರ್‌ನಿಂದ ಅದನ್ನು ಬೇರೆ ಕಂಪನಿಯಲ್ಲೂ ಮಾಡಿಸಬಹುದು. ಅಂದರೆ ನಮ್ಮಲ್ಲಿ ಸರ್ಕಾರ ದರ ಕಟ್ಟುತ್ತದೆ, ಮಾರುವವರು ಹಲವರು. ನಿಮ್ಮಲ್ಲಿ ಮಾರುವುದೂ ಸರ್ಕಾರವೇ.

ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಭಾರತದಲ್ಲಿ ಸಾವು, ಪೆಟ್ಟಿಗೆ ಥರ್ಡ್ ಪಾರ್ಟಿ ಹೊಣೆಗೆ ಮಿತಿಯೇ ಇಲ್ಲ. ಟ್ರಿಬ್ಯುನಲ್ ಎಷ್ಟು ಹೇಳುತ್ತದೋ ಅಷ್ಟನ್ನು ವಿಮಾ ಕಂಪನಿ ಕೊಡಬೇಕು. ಆಸ್ತಿ ನಷ್ಟಕ್ಕೆ ಮಾತ್ರ ಏಳೂವರೆ ಲಕ್ಷ ರೂಪಾಯಿ ಮಿತಿ. ನಿಮ್ಮ 2 ಲಕ್ಷ ಡಾಲರ್ ಲೆಕ್ಕ ನೋಡಿದಾಗ ನಮ್ಮ ಕಾನೂನಿನ ಬಗ್ಗೆ ಗೌರವ ಬಂತು.

ಕೆಲೋನಾ ದ್ರಾಕ್ಷಿ
ಗೌರವ ಸರಿ ಸರ್. ಆದರೆ ಆ ದುಡ್ಡು ಕೈಗೆ ಬರಲು ಎಷ್ಟು ವರ್ಷ? ನಮ್ಮ ಚಿಕ್ಕಪ್ಪ ಸ್ಕೂಟರ್‌ನಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ಲಾರಿಯದ್ದೇ ತಪ್ಪು. ಕೇಸ್ ಮುಗಿಯಲು ಏಳು ವರ್ಷ ಬೇಕಾಯಿತು. ಆ ಏಳು ವರ್ಷ ಔಷಧಿ ಖರ್ಚು ಯಾರ ಜೇಬಿನಿಂದ? ಇಲ್ಲಿ ಮರುವಾರವೇ ಫಿಸಿಯೋಥೆರಪಿ ಶುರುವಾಗುತ್ತದೆ.

ಬಸವನಗುಡಿ ಓದುಗ
ಅದು ನಿಜ. ಅಲ್ಲಗಳೆಯುವುದಿಲ್ಲ.

ಒಂದು ಹಳೇ ವಿಷಯ ಜ್ಞಾಪಕಕ್ಕೆ ಬಂತು. ಭಾರತದಲ್ಲಿ ಜೀವವಿಮೆ ಬಿಟ್ಟು ಉಳಿದ ವಿಮೆ ಕಂಪನಿಗಳು ರಾಷ್ಟ್ರೀಕರಣವಾಗಿದ್ದು 1973ರ ಜನವರಿ 1ರಂದು. 107 ಕಂಪನಿ ಹೋಗಿ ನಾಲ್ಕಾದವು. ನಿಮ್ಮ ಐಸಿಬಿಸಿ ಹುಟ್ಟಿದ್ದೂ ಅದೇ ವರ್ಷ. ಆಮೇಲೆ ನಾವು ಖಾಸಗಿಯವರನ್ನು ಒಳಗೆ ಬಿಟ್ಟೆವು, ಅವರು ಬೇಸಿಕ್ ಮಟ್ಟಿಗೆ ಬಿಡಲಿಲ್ಲ. ಕರ್ನಾಟಕದಲ್ಲಿ ಸರ್ಕಾರಿ ಜೀಪು, ಕಾರುಗಳಿಗೆ ಈಗಲೂ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯೇ ವಿಮೆ ಮಾಡುತ್ತದೆ. ನಾನು ನಿವೃತ್ತನಾದದ್ದು ತಾಲ್ಲೂಕು ಕಚೇರಿಯಿಂದ. ಆ ಕಾಗದ ಎಷ್ಟು ಸಲ ಕೈಯಲ್ಲಿ ಹಿಡಿದಿದ್ದೇನೋ!

ಕ್ಯಾಲ್ಗರಿ ಫಿಲ್ಟರ್ ಕಾಫಿ
ಬಿ.ಸಿ.ಯವರು ಪುಣ್ಯವಂತರು. ಆಲ್ಬರ್ಟಾದಲ್ಲಿ ಬೇಸಿಕ್ ಕೂಡ ಪೂರ್ತಿ ಖಾಸಗಿ. ನಾನು ಬಂದ ಹೊಸದರಲ್ಲಿ ಐದು ಕಂಪನಿಗೆ ಫೋನ್ ಮಾಡಿದ್ದೆ, ಐದು ಕಂಪನಿಯೂ ಐದು ದರ. ಊರಿನ ಅನುಭವಕ್ಕೆ ಒಬ್ಬರು ಬೆಲೆ ಕೊಟ್ಟರೆ ಇನ್ನೊಬ್ಬರು ಕೊಡಲಿಲ್ಲ. ಆಲಿಕಲ್ಲು ಬೇರೆ. 2020ರ ಜೂನ್‌ನಲ್ಲಿ ಈಶಾನ್ಯ ಕ್ಯಾಲ್ಗರಿಯಲ್ಲಿ ಬಿದ್ದ ಕಲ್ಲಿಗೆ ನಮ್ಮ ಬೀದಿಯ ಒಂದು ಕಾರೂ ಉಳಿಯಲಿಲ್ಲ. ಬಾನೆಟ್ ಮೇಲೆ ಪಡ್ಡಿನ ಹಂಚಿನ ಹಾಗೆ ಗುಳಿ ಗುಳಿ. ನಮ್ಮಲ್ಲೂ 2027ರ ಜನವರಿಯಿಂದ ತಪ್ಪು ಯಾರದ್ದೇ ಇದ್ದರೂ ಆರೈಕೆ ಮೊದಲು ಅನ್ನುವ ಪದ್ಧತಿ ತರುತ್ತಾರಂತೆ. ಆದರೆ ಮಾರುವವರು ಖಾಸಗಿಯವರೇ.

ರಿಜೈನಾ ಗಾಳಿ
ಸಸ್ಕಾಚೆವಾನ್‌ನಿಂದ ನಮಸ್ಕಾರ. ಈ ಪದ್ಧತಿಯ ತವರೇ ನಮ್ಮೂರು. 1940ರ ದಶಕದಲ್ಲೇ ಇಲ್ಲಿ ಸರ್ಕಾರಿ ಕಾರ್ ವಿಮೆ ಬಂತು. ನಮ್ಮಲ್ಲಿ ನಂಬರ್ ಪ್ಲೇಟ್ ತಗೊಂಡರೆ ಅದರ ಜೊತೆಗೇ ಇನ್ಶೂರೆನ್ಸ್ ಬಂತು ಅಂತ ಲೆಕ್ಕ. ಮುಖ್ಯವಾದ ವ್ಯತ್ಯಾಸ ಹೇಳುತ್ತೇನೆ. ನಮ್ಮ ಬೇಸಿಕ್‌ನಲ್ಲಿ ತಪ್ಪು ನಮ್ಮದೇ ಆದರೂ ನಮ್ಮ ಕಾರಿಗೆ ದುಡ್ಡು ಬರುತ್ತದೆ. ಮೊದಲ 700 ಡಾಲರ್ ಮಾತ್ರ ನಾವು ಕೈಯಿಂದ ಹಾಕಬೇಕು. ಆ 700 ಕಡಿಮೆ ಮಾಡಿಸಲು, ಥರ್ಡ್ ಪಾರ್ಟಿ 2 ಲಕ್ಷದಿಂದ ಮೇಲೆ ಏರಿಸಲು ಮೇಲೊಂದು ಪ್ಯಾಕೇಜ್ ಪಾಲಿಸಿ. ಅದನ್ನು ಖಾಸಗಿಯವರ ಹತ್ತಿರವೂ ತಗೋಬಹುದು.

ಮಾಂಟ್ರಿಯಲ್ ಮಲ್ಲಿಗೆ
ಕ್ವಿಬೆಕ್‌ನಲ್ಲಿ ಗೆರೆಯನ್ನು ಬೇರೆ ಕಡೆ ಎಳೆದಿದ್ದಾರೆ. ಮನುಷ್ಯರ ಪೆಟ್ಟು ಪೂರ್ತಿ ಸರ್ಕಾರದ್ದು, ಕಾರಿನ ನಷ್ಟ ಪೂರ್ತಿ ಖಾಸಗಿಯವರದ್ದು. 1978ರಿಂದ ಹೀಗೇ ಇದೆ. ಸರ್ಕಾರದ ಪಾಲಿನ ದುಡ್ಡನ್ನು ಲೈಸೆನ್ಸ್ ಮತ್ತು ನೋಂದಣಿ ಶುಲ್ಕದ ಜೊತೆ ಕಟ್ಟುತ್ತೇವೆ. ನನಗೆ ಈ ರೀತಿಯೇ ಚೆಂದ ಅನಿಸುತ್ತದೆ. ಮೈಮೇಲಿನ ಗಾಯಕ್ಕೆ ಲಾಭ ನೋಡುವ ಕಂಪನಿ ಜೊತೆ ಚೌಕಾಸಿ ಮಾಡಬೇಕಿಲ್ಲ.

ನ್ಯೂ ವೆಸ್ಟ್ ನಿವಾಸಿ
ಮಲ್ಲಿಗೆಯವರೇ, ಸರ್ಕಾರದ ಜೊತೆ ಚೌಕಾಸಿ ಇಲ್ಲ ಅಂತ ಯಾರು ಹೇಳಿದರು?

ನನ್ನ ಹೆಂಡತಿ ಎರಡು ವರ್ಷದ ಹಿಂದೆ ಜೀಬ್ರಾ ಕ್ರಾಸಿಂಗ್‌ನಲ್ಲಿ ದಾಟುತ್ತಿದ್ದಳು. ಹಸಿರು ದೀಪ ಇತ್ತು. ಎಡಕ್ಕೆ ತಿರುಗಿದ ಕಾರು ಗುದ್ದಿತು. ಸೊಂಟ, ಮೊಣಕಾಲು ಎರಡಕ್ಕೂ ಪೆಟ್ಟು. ನಿಜ, ಮೊದಲ ಹನ್ನೆರಡು ವಾರ ಫಿಸಿಯೋಥೆರಪಿಗೆ ಯಾರ ಅನುಮತಿಯೂ ಬೇಕಿರಲಿಲ್ಲ, ತಕ್ಷಣ ಶುರುವಾಯಿತು. ಒಳ್ಳೆಯದೇ. ಹನ್ನೆರಡು ವಾರ ಮುಗಿದ ಮೇಲೆ ಪ್ರತಿ ಸಲ ಪತ್ರ, ಪ್ರತಿ ಸಲ "ಇನ್ನೂ ಬೇಕಾ?" ಅನ್ನುವ ಪ್ರಶ್ನೆ. ಅವಳು ಇವತ್ತಿಗೂ ನೆಲದ ಮೇಲೆ ಕೂತು ರಂಗೋಲಿ ಹಾಕಲಾರಳು. ಆ ನೋವಿಗೆ ಅಂತ ಒಂದು ಪೈಸೆ ಇಲ್ಲ. ಗುದ್ದಿದವನಿಗೆ ಪ್ರೀಮಿಯಂ ಏರಿರಬಹುದು, ಅಷ್ಟೇ. ಹಳೇ ಕಾನೂನು ಇದ್ದಿದ್ದರೆ ಕೋರ್ಟ್‌ಗೆ ಹೋಗಬಹುದಿತ್ತು. ನಮ್ಮ ಆ ಹಕ್ಕನ್ನು ಕಿತ್ತುಕೊಂಡು ಪ್ರೀಮಿಯಂ ಅಗ್ಗ ಮಾಡಿದ್ದಾರೆ. ಅಗ್ಗವಾದದ್ದನ್ನು ಎಲ್ಲರೂ ಹೇಳುತ್ತಾರೆ. ಬೆಲೆ ಕೊಟ್ಟವರು ಯಾರು ಅಂತ ಯಾರೂ ಹೇಳಲ್ಲ.

ಧಾರವಾಡದ ಅಕ್ಕ
ಓದಿ ಹೊಟ್ಟೆ ಚುರ್ ಅಂತು. ಅವರು ಬೇಗ ಹುಷಾರಾಗಲಿ.

ಬರ್ನಬಿ ಕಾವೇರಿ
ನ್ಯೂ ವೆಸ್ಟ್ ಅಣ್ಣ, ನಿಮ್ಮ ಮನೆಯವರ ನೋವು ದೊಡ್ಡದು. ಅದರ ಮುಂದೆ ವಾದ ಮಾಡುವುದಕ್ಕೆ ಮನಸ್ಸು ಬರಲ್ಲ. ಆದರೆ ಹಳೇ ಪದ್ಧತಿ ಯಾಕೆ ನಿಲ್ಲಲಿಲ್ಲ ಅಂತ ಹೊಸಬರಿಗೆ ಗೊತ್ತಾಗಬೇಕು. 2017–18ರಲ್ಲಿ ಐಸಿಬಿಸಿ ಸುಮಾರು 130 ಕೋಟಿ ಡಾಲರ್ ನಷ್ಟ ತೋರಿಸಿತು. ಆಗ ಅಟಾರ್ನಿ ಜನರಲ್ ಆಗಿದ್ದ ಡೇವಿಡ್ ಈಬಿ ಅದನ್ನು ಕಸದ ತೊಟ್ಟಿಗೆ ಬಿದ್ದ ಬೆಂಕಿಗೆ ಹೋಲಿಸಿದ್ದರು. ಕೋರ್ಟ್ ಕೇಸು, ವಕೀಲರ ಫೀಸು, ಎರಡೂ ಕಡೆಯ ತಜ್ಞ ವೈದ್ಯರ ವರದಿ, ಇದಕ್ಕೇ ಪ್ರೀಮಿಯಂ ದುಡ್ಡು ಸೋರಿ ಹೋಗುತ್ತಿತ್ತು. ಆಗ ನಮ್ಮ ಮನೆಯ ಎರಡು ಕಾರಿಗೆ ಕಟ್ಟಿದ್ದು ಈಗಿನದಕ್ಕಿಂತ ಎಷ್ಟೋ ಜಾಸ್ತಿ.

ನಿಮಗೆ ಒಂದು ಮಾತು. ಐಸಿಬಿಸಿ ಚಿಕಿತ್ಸೆ ನಿಲ್ಲಿಸಿದರೆ ಸಿವಿಲ್ ರೆಸಲ್ಯೂಷನ್ ಟ್ರಿಬ್ಯುನಲ್‌ಗೆ ಹೋಗಬಹುದು. ಆನ್‌ಲೈನ್‌ನಲ್ಲೇ ಅರ್ಜಿ, ವಕೀಲರು ಬೇಕೇ ಬೇಕು ಅಂತಿಲ್ಲ. ತಪ್ಪು ಯಾರದ್ದು ಅನ್ನುವ ತಕರಾರನ್ನೂ ಅಲ್ಲಿ ಹಾಕಬಹುದು. ಮತ್ತೆ, ಶಾಶ್ವತ ಊನ ಅಂತ ವೈದ್ಯರು ಬರೆದುಕೊಟ್ಟರೆ ಅದಕ್ಕೆ ಬೇರೆ ಪರಿಹಾರ ಇದೆ. ಕೇಳಿದ್ದೀರಾ?

ನ್ಯೂ ವೆಸ್ಟ್ ನಿವಾಸಿ
ಶಾಶ್ವತ ಊನದ್ದು ಯಾರೂ ನಮಗೆ ಹೇಳಿಲ್ಲ. ನಾಳೆಯೇ ಡಾಕ್ಟರ್ ಹತ್ತಿರ ಮಾತಾಡುತ್ತೇನೆ. ನಿಜವಾಗಿಯೂ ಉಪಕಾರ ಮಾಡಿದಿರಿ ಕಾವೇರಿಯವರೇ.

ಕರಾವಳಿ ಮಾರಾಯ
ಪಾಪ, ಮೊದಲು ಕೇಳಿದವರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಮಾರಾಯರೇ. ಆಪ್ಷನಲ್ ಸರ್ಕಾರದ್ದಾ, ಖಾಸಗಿಯದ್ದಾ?

ನನ್ನದು ನಾಲ್ಕು ವರ್ಷದಿಂದ ಖಾಸಗಿ. ಮೊದಲು ಐಸಿಬಿಸಿಯದ್ದೇ ಇತ್ತು. ಕ್ಲೇಮ್ ಇಲ್ಲದೆ ತುಂಬಾ ವರ್ಷ ಓಡಿಸಿದವರಿಗೆ ಖಾಸಗಿಯವರು ಅಗ್ಗಕ್ಕೆ ಕೊಡುತ್ತಾರೆ. ಹೊಸಬರಿಗೆ, ಚಿಕ್ಕ ವಯಸ್ಸಿನವರಿಗೆ ಅಷ್ಟು ಬಾಗುವುದಿಲ್ಲ. ಬೇಸಿಕ್ ದರವನ್ನು ಪ್ರಾಂತ್ಯದ ದರ ನಿಯಂತ್ರಣ ಸಂಸ್ಥೆ ಯುಟಿಲಿಟೀಸ್ ಕಮಿಷನ್ ನೋಡುತ್ತದೆ, ಆಪ್ಷನಲ್ ದರಕ್ಕೆ ಆ ಹಿಡಿತ ಇಲ್ಲ. ಹಾಗಾಗಿ ಪ್ರತಿ ವರ್ಷ ಕೇಳಿ ನೋಡಬೇಕು.

ತೊಂದರೆಯೂ ಉಂಟು. ಎರಡು ಪಾಲಿಸಿ, ಎರಡು ಕಡೆಯ ಕಾಗದ. ನಾನೊಮ್ಮೆ ಸಣ್ಣ ಅಪಘಾತ ಮಾಡಿಕೊಂಡೆ. ಇಬ್ಬರದ್ದೂ ಅರ್ಧರ್ಧ ತಪ್ಪು ಅಂತ ಆಯಿತು. ಅರ್ಧ ದುಡ್ಡು ಬೇಸಿಕ್‌ನಿಂದ, ಇನ್ನರ್ಧ ನನ್ನ ಖಾಸಗಿ ಕಲಿಷನ್‌ನಿಂದ. ಒಂದು ಬಂಪರ್‌ಗೆ ಎರಡು ಕ್ಲೇಮ್ ನಂಬರ್, ಕ್ಲೇಮ್ ನೋಡಿಕೊಳ್ಳಲು ಇಬ್ಬರು ಅಡ್ಜಸ್ಟರ್. ಗ್ಯಾರೇಜಿನವ ಒಬ್ಬರ ಮೇಲ್ ಬಂತು, ಇನ್ನೊಬ್ಬರದ್ದು ಬಂದಿಲ್ಲ ಅಂತ ಹನ್ನೊಂದು ದಿನ ಕಾರು ಮುಟ್ಟಲಿಲ್ಲ. ಎರಡೂ ಐಸಿಬಿಸಿಯಲ್ಲೇ ಇದ್ದಿದ್ದರೆ ಒಂದೇ ಫೋನಿನಲ್ಲಿ ಮುಗಿಯುತ್ತಿತ್ತು.

ಹಾಗಿದ್ದೂ ನಾನು ಖಾಸಗಿಯಲ್ಲೇ ಇದ್ದೇನೆ. ಉಳಿಯುವ ದುಡ್ಡು ದೊಡ್ಡದು.

ತುಂಗಾತೀರ
ಖಾಸಗಿಯವರದ್ದು ಓದದೆ ಸಹಿ ಹಾಕಬೇಡಿ. ಮಧ್ಯದಲ್ಲಿ ರದ್ದು ಮಾಡಿದರೆ ಎಷ್ಟು ಹಿಡಿಯುತ್ತಾರೆ, ಮೊದಲ ಎಷ್ಟು ಡಾಲರ್ ನಮ್ಮ ಕೈಯಿಂದ, ರಿಪೇರಿ ಸಮಯದಲ್ಲಿ ಬಾಡಿಗೆ ಕಾರು ಕೊಡುತ್ತಾರಾ, ಈ ಮೂರನ್ನು ಕೇಳಲೇಬೇಕು.

ಸುಮ್ನೆ ಓದುವವಳು
ಜಿಂಕೆ ವಿಷಯ ಒಂದು ಪ್ರಶ್ನೆ. ಪ್ರಿನ್ಸ್‌ಟನ್ ಹತ್ತಿರ ಸಂಜೆ ಹೊತ್ತು ಜಿಂಕೆ ಅಡ್ಡ ಬಂತು, ನಮ್ಮವರು ಸ್ಟಿಯರಿಂಗ್ ತಿರುಗಿಸಿದರು. ಜಿಂಕೆಗೆ ತಾಗಲಿಲ್ಲ, ಕಾರು ಚರಂಡಿಗೆ ಇಳಿಯಿತು. ಕಾಂಪ್ರಹೆನ್ಸಿವ್‌ನಲ್ಲಿ ಬರಲ್ಲ ಅಂತ ಇನ್ಶೂರೆನ್ಸಿನವರು ಅಂದರಲ್ಲ, ಯಾಕೆ?

ಕೆಲೋನಾ ದ್ರಾಕ್ಷಿ
ಜಿಂಕೆಗೆ ತಾಗಿದ್ದರೆ ಕಾಂಪ್ರಹೆನ್ಸಿವ್. ತಾಗದೆ ಚರಂಡಿಗೆ ಹೋದರೆ ಅದು ಕಲಿಷನ್ ಲೆಕ್ಕ, ತಪ್ಪೂ ನಿಮ್ಮದೇ. ಬ್ರೇಕ್ ಒತ್ತಿ ನೇರ ಹೋಗಿ ಅಂತ ಇಲ್ಲಿ ಡ್ರೈವಿಂಗ್ ಕಲಿಸುವವರೂ ಹೇಳುತ್ತಾರೆ. ನೀವಿಬ್ಬರೂ ಕ್ಷೇಮ ತಾನೇ?

ಸುಮ್ನೆ ಓದುವವಳು
ಕ್ಷೇಮ. ಜಿಂಕೆಯೂ ಕ್ಷೇಮ.

ಲ್ಯಾಂಗ್ಲಿ ವಿದ್ಯಾರ್ಥಿ
ನಾನು ಓದಿನ ಜೊತೆ ಆ್ಯಪ್‌ನಲ್ಲಿ ಊಟ ಡೆಲಿವರಿ ಮಾಡುತ್ತೇನೆ. ಕಾರು "ಪ್ಲೆಷರ್", ಅಂದರೆ ಬರೀ ಸ್ವಂತ ಓಡಾಟಕ್ಕೆ, ಅಂತ ಮಾಡಿಸಿದ್ದೇನೆ, ಅದು ಅಗ್ಗ. ತೊಂದರೆ ಇಲ್ಲ ಅಲ್ವಾ?

ಬರ್ನಬಿ ಕಾವೇರಿ
ತೊಂದರೆ ಇದೆ ಮಗ. ದಯವಿಟ್ಟು ನಾಳೆಯೇ ಬದಲಾಯಿಸಿಕೋ. ಕಾರನ್ನು ಯಾವುದಕ್ಕೆ ಬಳಸುತ್ತೇವೆ ಅನ್ನುವುದರ ಮೇಲೆ ಬೇಸಿಕ್ ದರವೂ ನಿಂತಿದೆ. ತಿಂಗಳಲ್ಲಿ ಒಂದೆರಡು ದಿನ ಆದರೆ ಬೇರೆ ಮಾತು. ದಿನಾ ಡೆಲಿವರಿ ಮಾಡುವವರು ಡೆಲಿವರಿ ಅಂತಲೇ ಮಾಡಿಸಬೇಕು. ಸುಳ್ಳು ಹೇಳಿ ಮಾಡಿಸಿದ್ದು ಗೊತ್ತಾದರೆ ಕ್ಲೇಮ್ ತಳ್ಳಿಹಾಕಬಹುದು, ಕೊಟ್ಟ ದುಡ್ಡನ್ನು ನಿನ್ನಿಂದ ವಸೂಲಿ ಮಾಡಬಹುದು. ಸಾಲ ಮಾಡಿ ಓದೋಕೆ ಬಂದಿದ್ದೀಯ, ಇನ್ನೊಂದು ಸಾಲ ಬೇಡ.

ಲ್ಯಾಂಗ್ಲಿ ವಿದ್ಯಾರ್ಥಿ
ಸರಿ ಆಂಟಿ. ನಾಳೆ ಹೋಗುತ್ತೇನೆ.

ಕರಾವಳಿ ಮಾರಾಯ
ಹಾಸನದವರೇ, ಎರಡು ಕೆಲಸ ಮರೆಯಬೇಡಿ. ಊರಿನ ವಿಮಾ ಕಂಪನಿಯಿಂದ ಕ್ಲೇಮ್ ಇತಿಹಾಸದ ಪತ್ರ ತರಿಸಿ. ಲೈಸೆನ್ಸ್ ಎಷ್ಟು ವರ್ಷದ್ದು ಅನ್ನುವುದಕ್ಕೂ ದಾಖಲೆ ಇರಲಿ. 2019ರ ಸೆಪ್ಟೆಂಬರ್‌ನಿಂದ ಇಲ್ಲಿ ಕಾರಿಗಿಂತ ಓಡಿಸುವವರ ಚರಿತ್ರೆ ಮೇಲೆ ದರ. ಅನುಭವ ತೋರಿಸದಿದ್ದರೆ ಹದಿನೆಂಟರ ಹುಡುಗನ ಲೆಕ್ಕಕ್ಕೆ ಹಾಕುತ್ತಾರೆ.

ಇನ್ನೊಂದು, ಮನೆಯಲ್ಲಿ ಬೇರೆ ಯಾರು ಓಡಿಸುತ್ತಾರೋ ಅವರ ಹೆಸರು ಹಾಕಿಸಿ. ದರದಲ್ಲಿ ಮುಖ್ಯ ಡ್ರೈವರ್ ಪಾಲು ಶೇ. 75, ಪಟ್ಟಿಯಲ್ಲಿ ಅತಿ ಹೆಚ್ಚು ಅಪಾಯ ಅನ್ನಿಸುವ ಇನ್ನೊಬ್ಬರ ಪಾಲು ಶೇ. 25.

ಹಾಸನದಿಂದ ಸರ್ರೆ
ಎಲ್ಲರಿಗೂ ಕೈಮುಗಿದು ಧನ್ಯವಾದ. ಎರಡು ಸಲ ಓದಿದೆ. ಹೆಂಡತಿ ಇನ್ನೂ ಲರ್ನರ್, ಅವಳ ಹೆಸರೂ ಹಾಕಿಸಬೇಕಾ?

ಕರಾವಳಿ ಮಾರಾಯ
ಹಾಕಿಸಲೇಬೇಕು. ಲರ್ನರ್ ಅಂತ ಸ್ವಲ್ಪ ಜಾಸ್ತಿ ಹಿಡಿಯುತ್ತಾರೆ, ಇರಲಿ.

ರಾತ್ರಿಪಾಳಿ
ನಾನು ಮೊದಲು "ಸಾಕು" ಅಂದಿದ್ದೆ, ಆ ಮಾತು ವಾಪಸ್ ತಗೊಳ್ಳುತ್ತೇನೆ. ಇವತ್ತು ಕೆಲಸಕ್ಕೆ ಹೋಗುವ ಮುಂಚೆ ಬ್ರೋಕರ್‌ಗೆ ಫೋನ್ ಮಾಡಿ ಥರ್ಡ್ ಪಾರ್ಟಿ ಏರಿಸಿದೆ. ಕಲಿಷನ್ ಮಾತ್ರ ಮಾಡಿಸಲಿಲ್ಲ. ನನ್ನ ಕಾರಿಗೆ ಈಗ ಇರುವ ಬೆಲೆ ಎರಡು ಸಾವಿರವೂ ಇಲ್ಲ. ಗುದ್ದಿದರೆ ಗುಜರಿಗೆ ಹಾಕುತ್ತೇನೆ.

ಧಾರವಾಡದ ಅಕ್ಕ
ಅದು ಸರಿಯಾದ ಲೆಕ್ಕ. ಕಾರು ಹೋದರೆ ಇನ್ನೊಂದು ತರಬಹುದು.

ಹಾಸನದಿಂದ ಸರ್ರೆ
ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ನಿನ್ನೆ ಅದೇ ಬ್ರೋಕರ್ ಹತ್ತಿರ ಅದೇ ಮಡಚಿದ ಹಾಳೆ ತಗೊಂಡು ಹೋದೆ. ಗೆರೆಯ ಮೇಲೆ ನಾನೇ ಬರೆದೆ: ಥರ್ಡ್ ಪಾರ್ಟಿ 30 ಲಕ್ಷ, ಕಾಂಪ್ರಹೆನ್ಸಿವ್, ಕಲಿಷನ್‌ಗೆ ಮೊದಲ 1000 ಡಾಲರ್ ನನ್ನದು. ಮೂರು ಕಡೆ ದರ ಕೇಳಿದೆ. ನನಗೆ ಇಲ್ಲಿನ ಚರಿತ್ರೆ ಇಲ್ಲದ್ದರಿಂದ ಖಾಸಗಿಯವರು ಜಾಸ್ತಿಯೇ ಹೇಳಿದರು. ಈ ವರ್ಷ ಎಲ್ಲಾ ಐಸಿಬಿಸಿಯಲ್ಲೇ ಮಾಡಿಸಿದೆ. ಮುಂದಿನ ವರ್ಷ ಮತ್ತೆ ಕೇಳುತ್ತೇನೆ.

ಬೆಂಗಳೂರಿನ ಕ್ಲೇಮ್ ಪತ್ರ ಇನ್ನೂ ಬಂದಿಲ್ಲ. ಮೂರು ಮೇಲ್ ಕಳಿಸಿದೆ, ಉತ್ತರ ಇಲ್ಲ. ಈ ಪತ್ರ ಬೇಗ ತರಿಸಿದವರು ಯಾರಾದರೂ ಇದ್ದೀರಾ?

ಬಸವನಗುಡಿ ಓದುಗ
ಮೇಲ್‌ಗೆ ಯಾರೂ ಉತ್ತರ ಕೊಡಲ್ಲ. ನಿಮ್ಮ ಪಾಲಿಸಿ ಮಾಡಿಕೊಟ್ಟ ಶಾಖೆಗೆ ಮನೆಯವರು ಯಾರಾದರೂ ಒಂದು ಅಧಿಕಾರ ಪತ್ರ ಹಿಡಿದು ಬೆಳಿಗ್ಗೆ ಹನ್ನೊಂದರ ಒಳಗೆ ಹೋಗಲಿ. ಮಗಳದ್ದು ನಾನೇ ಹೋಗಿ ತಂದೆ, ಎರಡು ದಿನದಲ್ಲಿ ಸಿಕ್ಕಿತು. ಪ್ರತಿ ವರ್ಷದ ಪಾಲಿಸಿ ನಂಬರ್ ಪತ್ರದಲ್ಲಿ ಬರೆಸಿಕೊಳ್ಳಿ. ಕಂಪನಿಯ ಸೀಲ್ ಇದೆಯಾ ಅಂತ ಅಲ್ಲೇ ನಿಂತು ನೋಡಲಿ.

ಹಾಸನದಿಂದ ಸರ್ರೆ
ತಮ್ಮನನ್ನು ಸೋಮವಾರ ಕಳಿಸುತ್ತೇನೆ ಸರ್.